ರಾಕ್ಷಸನ ಬಾಗಿಲು, ಏಳು ಸೀರೆ

ಶಿರಸಿಯ ಒಂದು ಬೇಸಿಗೆ ಶಿಬಿರದವರು ಮಕ್ಕಳ ನಾಟಕಕ್ಕೆ ರಂಗಸಜ್ಜಿಕೆ ಮಾಡಿಕೊಡಿ ಅಂದರು. ಕಥೆ ಅಜ್ಜಿಯರ ಬಾಯಲ್ಲಿ ಎಲ್ಲರೂ ಕೇಳಿದ್ದೇ. ಏಳು ಸಮುದ್ರದ ಆಚೆ ರಾಕ್ಷಸನ ಅರಮನೆ, ಅವನ ಪ್ರಾಣ ಒಂದು ಗಿಳಿಯೊಳಗೆ. ನನ್ನ ಕೈಯಲ್ಲಿದ್ದದ್ದು 12 ದಿನ, 3000 ರೂಪಾಯಿ.

ಮೊದಲ ದಿನವೇ ಗೋಪುರ, ಬುರುಜು, ಕಿಟಕಿ ಎಲ್ಲಾ ಇರುವ ಅರಮನೆಯ ಚಿತ್ರ ಬರೆದುಬಿಟ್ಟೆ. ಮರುದಿನ ನೋಡಿದರೆ ಥೇಟ್ ಬರ್ತ್‌ಡೇ ಕೇಕು! ಹರಿದು ಹಾಕಿ, ಚಪ್ಪಲಿ ಡಬ್ಬದ ರಟ್ಟಿನಲ್ಲಿ ಮಾದರಿ ಮಾಡಿದೆ. ವೇದಿಕೆಯ ಬಾಯಿ 20 ಅಡಿ, ಆಳ 14 ಅಡಿ. ಒಂದು ಅಡಿಗೆ ಅರ್ಧ ಇಂಚಿನ ಲೆಕ್ಕದಲ್ಲಿ 10 ಇಂಚು, 7 ಇಂಚು. ರಾಜಕುಮಾರನ ಪಾತ್ರದ ನಾಲ್ಕೂವರೆ ಅಡಿಯ ಹುಡುಗ ಎರಡೂಕಾಲು ಇಂಚಿನ ರಟ್ಟಿನ ತುಂಡಾದ. ಅವನನ್ನು ಅಲ್ಲಿ ಇಲ್ಲಿ ನಿಲ್ಲಿಸಿ ನೋಡಿದಾಗ ಗೊತ್ತಾಯ್ತು, ಅರಮನೆ ಎಷ್ಟೇ ಎತ್ತರ ಬರೆದರೂ ಅದು ಹಿಂದಿನ ಪರದೆಯೇ. ಹುಡುಗನಿಗೆ ಅದರ ಹತ್ತಿರ ಮಾಡುವಂಥದ್ದು ಏನೂ ಇಲ್ಲ.

ಹಾಗಾಗಿ ಅರಮನೆ ಬಿಟ್ಟು ಬಾಗಿಲು ಒಂದೇ ಸಾಕು ಅಂದುಕೊಂಡೆ. ಎಂಟು ಅಡಿ ಎತ್ತರ, ಆರು ಅಡಿ ಅಗಲ. ಚಿಲಕವನ್ನು ಆರೂವರೆ ಅಡಿ ಮೇಲೆ ಇಟ್ಟೆ. ನಮ್ಮ ಹುಡುಗ ಹಾರಿದರೂ ಸಿಗಬಾರದು. ಚೌಕಟ್ಟು ಕಟ್ಟಿಕೊಡಲು ಬಂದ ಬಡಗಿ ಸುಮ್ನೆ ನೋಡುತ್ತಾ ನಿಂತವರು, "ಚಿಲಕ ಅಷ್ಟು ಮೇಲೆ ಇಟ್ಟು ಹೊಸ್ತಿಲು ನಮ್ಮನೇದರ ಹಾಗೇ ಇಟ್ರೆ ಎಂತ ಚೆಂದ ಮಾರಾಯ್ರೆ?" ಅಂದರು. ಸರಿ ಅಲ್ವಾ? ಹೊಸ್ತಿಲು ಒಂದೂಕಾಲು ಅಡಿ ಎತ್ತರ ಆಯ್ತು. ರಿಹರ್ಸಲ್‌ನಲ್ಲಿ ಹುಡುಗ ಗೆಳೆಯನ ಬೆನ್ನು ಹತ್ತಿ ಚಿಲಕ ತೆಗೆದ, ಹೊಟ್ಟೆ ಊರಿ ಹೊಸ್ತಿಲು ದಾಟಿದ. ಯಾರೂ ಹೇಳಿಕೊಟ್ಟಿದ್ದಲ್ಲ.

ಬಾಗಿಲಿಗೆ ಹೊದಿಸಿದ್ದು ಅಡಿಕೆ ಹಾಳೆ. ಬೇಸಿಗೆಯಲ್ಲಿ ನಮ್ಮ ಕಡೆ ತೋಟದಲ್ಲಿ ಎಷ್ಟು ಬೇಕಾದರೂ ಬಿದ್ದಿರುತ್ತದೆ. ಒಣ ಹಾಳೆಗೆ ಮೊಳೆ ಹೊಡೆದರೆ ಸೀಳುತ್ತದೆ. ಅದಕ್ಕೆ ನೀರಲ್ಲಿ ನೆನೆಸಿ, ರಾತ್ರಿಯಿಡೀ ಕಲ್ಲಿನಡಿ ಒತ್ತಿಟ್ಟು, ಮೆತ್ತಗಿರುವಾಗಲೇ ತೂತು ಮಾಡಿ ತಂತಿಯಲ್ಲಿ ಕಟ್ಟಿದೆವು. ಒಣಗಿದ ಮೇಲೆ ಅಂಚು ಮುರುಟಿ ಮೊಸಳೆಯ ಚರ್ಮದ ಹಾಗೆ ಕಂಡಿತು. ಇದು ನನ್ನ ಜಾಣತನ ಅಲ್ಲ, ಹಾಳೆಯದ್ದೇ. ನಾನು ಮಾಡಿದ್ದು ದಡ್ಡತನ. ಎರಡು ಸಾಲಿಗೆ ಕಡುನೀಲಿ ಬಳಿದೆ. ಹಳದಿ ಲೈಟು ಬಿದ್ದದ್ದೇ ನೀಲಿ ಹೋಗಿ ಮಸಿಯಾಯ್ತು. ಆ ಸಾಲು ಕಿತ್ತು ಬರೀ ಹಾಳೆ ಕಟ್ಟಿದೆ. ಪಕ್ಕದಿಂದ ಲೈಟು ಕೊಟ್ಟರೆ ಬಣ್ಣ ಬೇಕಾಗಲೇ ಇಲ್ಲ, ಒಂದೊಂದು ಹಾಳೆಯ ನೆರಳೂ ಇನ್ನೊಂದರ ಮೇಲೆ ಬಿದ್ದಿತ್ತು.

ಏಳು ಸಮುದ್ರಕ್ಕೆ ಏಳು ಹಳೇ ನೈಲಾನ್ ಸೀರೆ ಮನೆಮನೆಯಿಂದ ಕೇಳಿ ತಂದೆವು. ಹತ್ತಿ ಸೀರೆ ಜೋಲುತ್ತದೆ, ಅಲೆ ಏಳುವುದಿಲ್ಲ. ಆದರೆ ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ 18 ಅಡಿ. 20 ಅಡಿ ವೇದಿಕೆಗೆ ಸಾಲದು, ಅಲೆ ಏಳಬೇಕಾದರೆ ಸಡಿಲವೂ ಬೇಕು. ಹಿಡಿಯುವ ಮಕ್ಕಳು ವಿಂಗ್, ಅಂದರೆ ವೇದಿಕೆಯ ಪಕ್ಕದ ಮರೆ, ಬಿಟ್ಟು ಹೊರಗೆ ಬಂದು ಜನರಿಗೆ ಕಾಣುವ ಹಾಗೇ ನಿಲ್ಲಬೇಕು. ಶಿಬಿರದವರಿಗೆ ಅದು ಸರಿಕಾಣಲಿಲ್ಲ. ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ರಾಕ್ಷಸ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ, ಅವರ ಕಡೆ ಯಾರಾದರೂ ನೋಡುತ್ತಾರಾ ಎಂದು ಕೇಳಿದೆ. ಮತ್ತೆ ಮಾತು ಬರಲಿಲ್ಲ.

ಎಡವಟ್ಟು ಆಗಿದ್ದು ಬೇರೆ ಕಡೆ. ರಿಹರ್ಸಲ್‌ಗೆಲ್ಲ ಹಾಲ್‌ನ ಫ್ಯಾನು ಹಾಕಿರಲಿಲ್ಲ. ಪ್ರದರ್ಶನದ ದಿನ ಜನ ತುಂಬಿದರು, ಮೇ ತಿಂಗಳ ಸೆಕೆ, ಯಾರೋ ಎಲ್ಲಾ ಫ್ಯಾನು ಹಾಕಿಬಿಟ್ಟರು. ನಾಲ್ಕನೇ ಸಮುದ್ರ ಭರ್ರನೆ ಎದ್ದು ರಾಜಕುಮಾರನ ತಲೆ ಮೇಲೆಯೇ ಕೂತಿತು. ಮುಂದಿನ ಸಾಲಿನ ಮಗುವೊಂದು "ಅಯ್ಯೋ, ಮುಳ್ಗೋದ!" ಎಂದು ಕಿರುಚಿತು. ಅವನೂ ಕಿಲಾಡಿ, ಒಳಗಿಂದಲೇ ಈಜುತ್ತಾ ಹೊರಗೆ ಬಂದ. ಚಪ್ಪಾಳೆಯೋ ಚಪ್ಪಾಳೆ. ನನಗೆ ಮಾತ್ರ ಬೆವರು.

ಮರುದಿನ ಇನ್ನೊಂದು ಪ್ರದರ್ಶನ ಇತ್ತು. ಕುಮಟಾದ ಗೆಳೆಯನಿಗೆ ಫೋನ್ ಮಾಡಿದೆ. ಬೀಸುಬಲೆಗೆ ಕಟ್ಟುವ ಸೀಸದ ಗುಂಡು ಒಂದು ಪೊಟ್ಟಣ ಬೆಳಗಿನ ಬಸ್ಸಿಗೆ ಬಂತು. ಸೀಸ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ನಾವು ದೊಡ್ಡವರೇ ಕೂತು ಸೀರೆಯ ಕೆಳಗಿನ ಅಂಚು ಮಡಿಚಿ, ಒಂದೊಂದು ಮೊಳಕ್ಕೆ ಒಂದರಂತೆ ಗುಂಡು ಒಳಗಿಟ್ಟು ಹೊಲಿದೆವು. ಆ ಸಂಜೆ ಫ್ಯಾನು ಜೋರಾಗಿಯೇ ತಿರುಗಿತು. ಅಲೆ ಎದ್ದವು, ಹಾರಲಿಲ್ಲ. ಸುಳ್ಳು ಯಾಕೆ, ಹುಡುಗ ಈಜಿದ್ದನ್ನು ನೋಡಿದವರಿಗೆ ಮೊದಲನೇ ದಿನದ್ದೇ ಜಾಸ್ತಿ ಹಿಡಿಸಿತ್ತು.

ಗುಂಡು ಬಿಚ್ಚಿ, ಸೀರೆ ಒಗೆದು, ಮಡಿಚಿ ವಾಪಸ್ ಕೊಟ್ಟೆವು. ವಾರ ಬಿಟ್ಟು ಒಬ್ಬರು ಅಜ್ಜಿ ಫೋನ್ ಮಾಡಿದರು. "ತಮಾ, ಮೂರನೇ ಸಮುದ್ರ ನಂದು. ಅಂಚಲ್ಲಿ ಎಂತದೋ ಗಟ್ಟಿ ಸಿಗ್ತಾ ಇದ್ದು, ಅದು ರಾಕ್ಷಸಂದಾ, ನಿಂಗಳದ್ದಾ?"