ಹೊಸಬರಿಗೆ ಮಾರ್ಗದರ್ಶಿ: ‘ನಿಮಗೆ ಬಹುಮಾನ ಬಂದಿದೆ’ ಅಂದರೆ

ಕೊಡಗಿಗೆ ಹೊಸದಾಗಿ ಬಂದವರು ಶಾಲೆ, ಗ್ಯಾಸು, ಮಳೆಗಾಲದ ಸೌದೆ ಎಲ್ಲಾ ವಿಚಾರಿಸುತ್ತೀರಿ. ಬಹುಮಾನದ ಹೆಸರಲ್ಲಿ ನಡೆಯುವ ಮೋಸದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ.

ನಾವು ಮಡಿಕೇರಿಗೆ ಬಂದ ಮೊದಲ ಮಳೆಗಾಲ. ಅಂಚೆಯವರು ರಿಜಿಸ್ಟರ್ಡ್ ಲಕೋಟೆ ತಂದುಕೊಟ್ಟರು. ಒಳಗೊಂದು ಸ್ಕ್ರ್ಯಾಚ್ ಕಾರ್ಡ್. ಉಗುರಿನಲ್ಲಿ ಕೆರೆದರೆ ಬೆಳ್ಳಿ ಪುಡಿ ಉದುರಿ ‘ಕಾರು’ ಅಂತ ಕಂಡಿತು. ಪತ್ರದ ಕೆಳಗೆ ದುಂಡು ಸೀಲು. ಫೋನ್ ಮಾಡಿದರೆ ಚೆಂದದ ಕನ್ನಡ. ರಿಜಿಸ್ಟರ್ಡ್ ಅಂದರೆ ನಂಬಿಬಿಡುತ್ತೇವೆ, ಅಲ್ವಾ? ಅಂಚೆಯವರು ತಲುಪಿಸುತ್ತಾರೆ ಅಷ್ಟೇ, ಒಳಗೇನಿದೆಯೋ ಅವರಿಗೇನು ಗೊತ್ತು! ನೋಂದಣಿಗೆ 6,500 ಕಟ್ಟಿದೆ. ಆಮೇಲೆ ತೆರಿಗೆಗೆ 18,000. ಅದು ಮಗಳ ಫೀಸಿನ ದುಡ್ಡು. ಮೂರನೇ ಸಲ ಇನ್ಶೂರೆನ್ಸ್ ಅಂದಾಗ ನನ್ನ ಹೆಂಡತಿ ಫೋನ್ ಕಿತ್ತುಕೊಂಡಳು. ನಾಚಿಕೆಯಿಂದ ಎರಡು ತಿಂಗಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ಕೆಟ್ಟದ್ದು. ನೀವು ಹಾಗೆ ಮಾಡಬೇಡಿ.

ಲೈನ್ ಮನೆಯವರು (ಕಾಫಿ ತೋಟದ ಕೆಲಸದವರು) ಮಾತ್ರ ಮೋಸ ಹೋಗುತ್ತಾರೆ ಅಂದುಕೊಳ್ಳಬೇಡಿ. ನಮ್ಮ ಸಂಘದಲ್ಲಿ ಮೇಷ್ಟ್ರುಗಳೂ ಕಳೆದುಕೊಂಡಿದ್ದಾರೆ.

ಲಾಟರಿ ವಿಷಯ. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಆದರೆ ಕಾಗದದ ಟಿಕೆಟ್ ಮಾತ್ರ. ‘ಓಣಂ ಬಂಪರ್’ ಅಂತ ವಾಟ್ಸಾಪ್‌ನಲ್ಲಿ ಮಾರುವವರು ಕಳ್ಳರು. ನಮ್ಮ ರಾಜ್ಯದಲ್ಲಿ 2007ರಿಂದ ಲಾಟರಿಯೇ ನಿಷೇಧ. ಟಿಕೆಟ್ ಕೊಳ್ಳದವರಿಗೆ ಬಹುಮಾನ ಎಲ್ಲಿಂದ ಬರಬೇಕು?

ನಗದು ಬಹುಮಾನ 10,000 ರೂಪಾಯಿ ದಾಟಿದರೆ ಶೇ 30 ತೆರಿಗೆ ಇರುವುದು ನಿಜ. ಅದನ್ನು ಕೊಡುವವರೇ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ನಿಮ್ಮ ಕೈಯಿಂದ ಮೊದಲೇ ಕಟ್ಟಿಸಿಕೊಳ್ಳುವುದಿಲ್ಲ.

ಫೋನ್‌ಪೇ, ಗೂಗಲ್‌ಪೇ: ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಒಟಿಪಿ ಹೇಳಬೇಡಿ. ಬಹುಮಾನ ಬಂದಿದೆ ಅನ್ನುವವರು ಕಳಿಸಿದ ಆ್ಯಪ್ ಹಾಕಿಕೊಳ್ಳಬೇಡಿ.

ದುಡ್ಡು ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳರು ದುಡ್ಡನ್ನು ಇನ್ನೊಂದು ಖಾತೆಗೆ ಸಾಗಿಸುವ ಮೊದಲೇ ತಡೆಯಬೇಕು. ಬೆಳಿಗ್ಗೆ ನೋಡೋಣ ಅಂದರೆ ಕೈ ತಪ್ಪಿತು. ಮಳೆಗೆ ನೆಟ್‌ವರ್ಕ್ ಹೋಗಿದ್ದರೆ ಕೊಡೆ ಹಿಡಿದು ಹತ್ತಿರದ ಠಾಣೆಗೇ ಹೋಗಿ. ಬ್ಯಾಂಕಿಗೂ ತಿಳಿಸಿ.

ಜೊತೆಗೆ ಇರಲಿ:
ಯುಟಿಆರ್ ನಂಬರ್ (ದುಡ್ಡು ಕಳಿಸಿದಾಗ ಆ ವ್ಯವಹಾರಕ್ಕೆ ಬರುವ ಗುರುತಿನ ಸಂಖ್ಯೆ)
ಅವರ ಫೋನ್ ನಂಬರ್, ಮೆಸೇಜು
ಪತ್ರ, ಲಕೋಟೆ

ದೂರು ಬರೆಯಲು ಬಾರದಿದ್ದರೆ ಸಂಘಕ್ಕೆ ಬನ್ನಿ, ಬರೆದುಕೊಡುತ್ತೇವೆ, ಠಾಣೆಗೂ ಜೊತೆಗೆ ಬರುತ್ತೇವೆ. ಯಾರೂ ಬೈಯುವುದಿಲ್ಲ.

ಇನ್ನೊಂದು. ಕಳೆದುಕೊಂಡ ಸ್ವಲ್ಪ ದಿನಕ್ಕೆ ‘ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಮೊದಲು 2,000 ಹಾಕಿ’ ಅಂತ ಫೋನ್ ಬರಬಹುದು. ನನಗೆ ಬಂದಿತ್ತು. ಅವರೂ ಅದೇ ಗುಂಪಿನವರು. ಸುಮ್ನೆ ಇಟ್ಟುಬಿಡಿ.