ಎರಡನೇ ಸಲ ಬರೆದ ಮನವಿ

ಗ್ರಂಥಾಲಯವನ್ನು ಸಂಜೆ ಆರಕ್ಕೆ ಮುಚ್ಚಬೇಡಿ, ಎಂಟರವರೆಗೆ ತೆರೆದಿಡಿ ಎಂದು ನಾನು ಬರೆದ ಮೊದಲ ಮನವಿ ಮೂರು ಪುಟ ಇತ್ತು. ಓದಿನ ಮಹತ್ವ, ಮಕ್ಕಳ ಭವಿಷ್ಯ, ಸಮಾಜದ ಏಳಿಗೆ, ಎಲ್ಲಾ ತುಂಬಿದ್ದೆ. ಸಮಿತಿಯಿಂದ ಬಂದ ಉತ್ತರ ಒಂದೇ ಸಾಲು: ಸದ್ಯಕ್ಕೆ ಸಾಧ್ಯವಿಲ್ಲ.

ಎರಡು ದಿನ ಬಿಟ್ಟು ಅದೇ ಮೂರು ಪುಟವನ್ನು ಸಮಿತಿಯವರ ಕಣ್ಣಿನಿಂದ ಓದಿದೆ. ಅವರಿಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿಯೂ ಅದರಲ್ಲಿ ಇರಲಿಲ್ಲ.

ಒಪ್ಪಿಸುವ ಮಾತಿಗೆ ಮೂರು ದಾರಿ ಎಂದು ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಹೇಳಿದ್ದ. ಈಥೋಸ್ ಅಂದರೆ ಹೇಳುವವರ ಮೇಲೆ ಹುಟ್ಟುವ ನಂಬಿಕೆ, ಪೇಥೋಸ್ ಅಂದರೆ ಕೇಳುವವರ ಭಾವನೆ, ಲೋಗೋಸ್ ಅಂದರೆ ತರ್ಕ. ಈಥೋಸ್ ಎಂದರೆ ಡಿಗ್ರಿ, ಹುದ್ದೆ ಎಂದೇ ನಾನು ತಿಳಿದಿದ್ದೆ. ಆತ ಹೇಳಿದ್ದು ಬೇರೆ. ಆ ನಂಬಿಕೆ ಆಡುವ ಮಾತಿನಿಂದಲೇ ಹುಟ್ಟಬೇಕು, ಮೊದಲೇ ಇರುವ ಹೆಸರಿನಿಂದ ಅಲ್ಲ. ಹೇಳುವವರಿಗೆ ತಿಳುವಳಿಕೆ ಇದೆ, ಒಳ್ಳೆಯತನ ಇದೆ, ನಮ್ಮ ಹಿತ ಬಯಸುತ್ತಾರೆ ಎಂದು ಕೇಳುವವರಿಗೆ ಅನ್ನಿಸಬೇಕು. ನನ್ನ ಮನವಿಯಲ್ಲಿ ಈ ಕೊನೆಯದು, ಕೇಳುವವರ ಹಿತ ಬಯಸುವುದು, ಪೂರ್ತಿ ಕಾಣೆಯಾಗಿತ್ತು.

ಹಾಗಾಗಿ ಎರಡನೇ ಸಲ ಅವರ ಕಷ್ಟದಿಂದಲೇ ಶುರು ಮಾಡಿದೆ. 'ಎರಡು ಗಂಟೆ ಜಾಸ್ತಿ ತೆರೆದರೆ ಒಬ್ಬ ಸಿಬ್ಬಂದಿ ಹೆಚ್ಚುವರಿ ಕೂರಬೇಕು, ದೀಪ ಆರಿಸಿ ಬೀಗ ಹಾಕುವ ಹೊಣೆ ಯಾರಾದರೂ ಹೊರಬೇಕು. ಅದಕ್ಕೆ ವಾರಕ್ಕೆ ಎರಡೇ ದಿನ, ಮೂರು ತಿಂಗಳು ಮಾತ್ರ ಕೇಳುತ್ತಿದ್ದೇವೆ. ಬೀಗ ಹಾಕುವಾಗ ನಮ್ಮಲ್ಲಿ ಇಬ್ಬರು ಸಿಬ್ಬಂದಿಯ ಜೊತೆ ಇರುತ್ತೇವೆ.' ಇದನ್ನು ಬರೆಯೋದಕ್ಕೆ ಮುಂಚೆ ಸಿಬ್ಬಂದಿಯ ಹತ್ತಿರ ಹೋಗಿ ಅರ್ಧ ಗಂಟೆ ಮಾತಾಡಬೇಕಾಯಿತು. ಇಡೀ ಮನವಿಯಲ್ಲಿ ಅಷ್ಟು ಫಲ ಕೊಟ್ಟ ಕೆಲಸ ಇನ್ನೊಂದಿಲ್ಲ.

ತರ್ಕದ ಭಾಗಕ್ಕೆ ಎಣಿಕೆ ಬೇಕಿತ್ತು. ಮೊದಲು ಸುಮ್ನೆ 'ನೂರಾರು ಜನ' ಎಂದು ಬರೆದಿದ್ದೆ. ಈಗ ಹತ್ತು ದಿನ ಬಾಗಿಲ ಬಳಿ ನಿಂತೆ. ಮುಚ್ಚುವ ಗಂಟೆ ಬಾರಿಸುವಾಗ ಇನ್ನೂ ಓದುತ್ತಿದ್ದವರು ದಿನಕ್ಕೆ ಸರಾಸರಿ 14 ಜನ. ಸಂಖ್ಯೆ ಚಿಕ್ಕದಾಯಿತಲ್ಲ ಎಂದು ಅಳುಕಿತ್ತು. ಆದರೂ ಹಾಗೇ ಬರೆದೆ, ಅದು ಪರೀಕ್ಷೆಯ ಸಮಯ ಎಂಬುದನ್ನೂ ಸೇರಿಸಿದೆ. ಯಾರು ಬೇಕಾದರೂ ಬಂದು ಎಣಿಸಿ ನೋಡಬಹುದಾದ 14, ಯಾರೂ ನಂಬದ ನೂರಾರಿಗಿಂತ ಗಟ್ಟಿ.

ಭಾವನೆಗೆ ವಿಶೇಷಣಗಳನ್ನೆಲ್ಲ ತೆಗೆದು ಒಂದೇ ನೋಟ ಇಟ್ಟೆ. ಬಾಗಿಲ ಬಳಿ ನಿಂತಾಗ ಕಂಡದ್ದು: ಗಂಟೆ ಕೇಳಿದ ಕೂಡಲೇ ಹುಡುಗಿಯೊಬ್ಬಳು ಪುಟದ ಸಂಖ್ಯೆಯನ್ನು ಅಂಗೈ ಮೇಲೆ ಬರೆದುಕೊಂಡಳು. ಆ ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. ಇಷ್ಟೇ ಬರೆದೆ. ಮುಂದೆ 'ಎಂಥ ಅನ್ಯಾಯ' ಎಂದು ಸೇರಿಸಲು ಕೈ ತುರಿಸಿತು, ಸೇರಿಸಲಿಲ್ಲ. ಅದನ್ನು ಓದಿದವರೇ ಅಂದುಕೊಳ್ಳಬೇಕು, ಅಲ್ವಾ?

ಒಂದು ಸಾಲು ಮಾತ್ರ ಕೊನೆಯವರೆಗೂ ಕಾಡಿತು: 'ಓದುಗರ ಬಗ್ಗೆ ನಿಮಗೆ ಕಾಳಜಿಯೇ ಇಲ್ಲ.' ಸಿಟ್ಟಿನಲ್ಲಿ ಬರೆದದ್ದು, ಬಿಡಲು ಮನಸ್ಸಿಲ್ಲ. ಆಗ ನೆನಪಾದವರು ಸೆಮ್ಮೆಲ್ವೈಸ್. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯರು ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವಂತೆ ಮಾಡಿ ಬಾಣಂತಿಯರ ಸಾವನ್ನು ಭಾರೀ ಇಳಿಸಿದವರು. ಲೆಕ್ಕ ಪೂರ್ತಿ ಅವರ ಕಡೆಗಿತ್ತು. ಆದರೂ ಹೆಚ್ಚಿನ ವೈದ್ಯರು ಒಪ್ಪಲಿಲ್ಲ. ಕಾರಣ ಹಲವು ಇದ್ದವು. ಮುಂದೆ ಅವರು ಬಹಿರಂಗ ಪತ್ರಗಳಲ್ಲಿ ವಿರೋಧಿಗಳನ್ನು ಕೊಲೆಗಾರರು ಎಂದೇ ಕರೆದರು. ಅದರಿಂದ ಯಾರ ಮನಸ್ಸೂ ಅವರ ಕಡೆ ತಿರುಗಲಿಲ್ಲ. ನಾನು ಆ ಸಾಲು ಹೊಡೆದುಹಾಕಿದೆ.

ಮನವಿ ಒಂದು ಪುಟಕ್ಕೆ ಇಳಿಯಿತು. ಎರಡು ವಾರದ ಮೇಲೆ ಸಮಿತಿ ಮಾತುಕತೆಗೆ ಕರೆಯಿತು. ಅಧ್ಯಕ್ಷರ ಕೈಯಲ್ಲಿ ನನ್ನ ಹಾಳೆ ಇತ್ತು. ಬೀಗ ಹಾಕುವಾಗ ಜೊತೆಗಿರುತ್ತೇವೆ ಎಂದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. "ಆ ಇಬ್ಬರು ಯಾರು, ಹೇಳಿ" ಎಂದರು.