ಕೆರೆ 200 ಮೀಟರ್ ಸರಿದ ಕಥೆ

“ಸರ್, ನಿಮ್ಮ ನಕ್ಷೆಯಲ್ಲಿ ನಮ್ಮೂರ ಕೆರೆ ರಾಗಿ ಹೊಲಕ್ಕೆ ನುಗ್ಗಿಬಿಟ್ಟಿದೆ” ಅಂದ ಕೋಲಾರದ ಕಡೆಯ ಎಂ.ಎ. ಹುಡುಗ. ನಾನು ನಂಬಲಿಲ್ಲ. ಹಳೆ ನಕ್ಷೆಯನ್ನು ಕಂಪ್ಯೂಟರಿನಲ್ಲಿ ನೆಲದ ಅಳತೆಗೆ ಕೂರಿಸಿದ್ದೆ, ಪರದೆಯ ಮೇಲೆ ತಪ್ಪಿನ ಪ್ರಮಾಣ ಬರೀ 1.8 ಪಿಕ್ಸೆಲ್ (ಚಿತ್ರದ ಚುಕ್ಕಿ) ಅಂತಿತ್ತು. ಅಷ್ಟು ನೀಟಾಗಿ ನಾನು ಯಾವ ನಕ್ಷೆಯನ್ನೂ ಕೂರಿಸಿರಲಿಲ್ಲ.

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೌಂಟರಿಗೆ ಸೇರಿದವನು ನಾನು. ಈಗ ಹಳೆ ನಕ್ಷೆಗಳನ್ನು ಕಂಪ್ಯೂಟರಿಗೆ ತರುವುದೇ ಮುಖ್ಯ ಕೆಲಸ. ಆ ಹುಡುಗನಿಗೆ ಬೇಕಿದ್ದದ್ದು ಕೋಲಾರದ ಸುತ್ತಿನ ಕೆರೆಗಳ ಲೆಕ್ಕ: ಯಾವುದು ಉಳಿದಿದೆ, ಯಾವುದು ಲೇಔಟ್ ಆಗಿದೆ. ಬೀರುವಿನಲ್ಲಿ ಸರ್ವೆ ಆಫ್ ಇಂಡಿಯಾದ 57 ಕೆ/4 ಹಾಳೆ ಸಿಕ್ಕಿತು. ಬಟ್ಟೆ ಹಚ್ಚಿದ, ಮಡಿಕೆಯಲ್ಲಿ ಸವೆದ ಒಂದಿಂಚಿನ ನಕ್ಷೆ. ಕಾಗದದ ಒಂದು ಇಂಚಿಗೆ ನೆಲದ ಒಂದು ಮೈಲಿ.

ನಕ್ಷೆಯ ಚೌಕವೇ ಸುಮಾರು 17 ಇಂಚು. ನಮ್ಮ ಎ3 ಸ್ಕ್ಯಾನರಿಗೆ ಹಿಡಿಸದೆ ನಾಲ್ಕು ತುಂಡಾಗಿ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿ ಜೋಡಿಸಿದೆ. ಮಡಿಕೆ ಬಿಡಿಸಲು ಇಸ್ತ್ರಿ ಹಾಕೋಣವೇ ಅಂತ ಒಬ್ಬರು ಕೇಳಿದರು. ದಯವಿಟ್ಟು ಬೇಡ. ದಪ್ಪ ಗಾಜಿನ ಕೆಳಗೆ ಎರಡು ದಿನ ಇಟ್ಟರೆ ಸಾಕು.

ಆಮೇಲೆ ಕ್ಯೂಜಿಐಎಸ್ ಅನ್ನುವ ನಕ್ಷೆಯ ತಂತ್ರಾಂಶ. ದುಡ್ಡು ಕೊಡಬೇಕಿಲ್ಲ, ಹಳೆ ಕಂಪ್ಯೂಟರಿನಲ್ಲೂ ಓಡುತ್ತದೆ. ಅದರಲ್ಲಿ ನಕ್ಷೆಯನ್ನು ನೆಲಕ್ಕೆ ಕೂರಿಸುವ ಜಿಯೋರೆಫರೆನ್ಸರ್‌ನಲ್ಲಿ ಅಕ್ಷಾಂಶ, ರೇಖಾಂಶದ ಗೆರೆಗಳು ಕೂಡುವ ಜಾಗಗಳನ್ನು ಒತ್ತಿ, ಅಂಚಿನಲ್ಲಿ ಅಚ್ಚಾದ ಅಂಕಿ ತುಂಬಬೇಕು. ಐದೈದು ನಿಮಿಷಕ್ಕೊಂದು (ಡಿಗ್ರಿಯ 60ನೇ ಒಂದು ಭಾಗ ಒಂದು ನಿಮಿಷ) ಗೆರೆಯಂತೆ 16 ಬಿಂದು ಸಿಕ್ಕವು. ಹಾಳೆಯನ್ನು ಬಗ್ಗಿಸದೆ ಸರಿಸಿ, ತಿರುಗಿಸಿ, ಹಿಗ್ಗಿಸಿ ಕೂರಿಸುವ ಮೊದಲ ದರ್ಜೆಯ ಪಾಲಿನಾಮಿಯಲ್‌ಗೆ ಮೂರೇ ಸಾಕು, ಆದರೆ ಮೂರೇ ಕೊಟ್ಟರೆ ತಪ್ಪು ಯಾವಾಗಲೂ ಸೊನ್ನೆ ಅಂತಲೇ ತೋರಿಸುತ್ತದೆ. ಆ ಸೊನ್ನೆ ನೋಡಿ ಹಿಗ್ಗಿದವರನ್ನು ಕಂಡಿದ್ದೇನೆ. ನಾನು 16 ಕೊಟ್ಟು ಹಿಗ್ಗಿದೆ, ಅಷ್ಟೇ ವ್ಯತ್ಯಾಸ.

300 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಐದು ಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ನನ್ನ ತಪ್ಪು ಹತ್ತು ಮೀಟರಿನ ಒಳಗೆ. ಉಪಗ್ರಹದ ಚಿತ್ರದ ಮೇಲೆ ಹರಡಿ ನೋಡಿದರೆ ಕೆರೆ ಏರಿ ಆಗ್ನೇಯಕ್ಕೆ ಹತ್ತಿರಹತ್ತಿರ 200 ಮೀಟರ್ ಆಚೆ! ಒಂದಲ್ಲ, ಹಾಳೆಯ ಎಲ್ಲ ಕೆರೆಗಳೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ.

ಅಲ್ಲೇ ಸುಳಿವು ಇತ್ತು. ಬೇರೆಬೇರೆ ಕಡೆಗೆ ಎಳೆದಿದ್ದರೆ ನನ್ನ ಕೈತಪ್ಪು ಅನ್ನಬಹುದಿತ್ತು. ಆ 1.8 ಅನ್ನುವುದು ನನ್ನ 16 ಬಿಂದುಗಳು ತಮ್ಮತಮ್ಮಲ್ಲಿ ಹೊಂದಿಕೊಂಡಿವೆಯೇ ಅಂತ ಹೇಳುತ್ತದೆಯೇ ಹೊರತು ನೆಲಕ್ಕೆ ಹೊಂದಿವೆಯೇ ಅಂತಲ್ಲ. ಹಳೆ ಹಾಳೆಯ ಅಂಕಿಗಳು ಎವರೆಸ್ಟ್ ಗೋಳ ಅನ್ನುವ, ಭೂಮಿಯ ಆಕಾರದ ಹಳೆ ಅಂದಾಜಿನ ಲೆಕ್ಕದವು, ಅದರ ಮೂಲ ಬಿಂದು ಮಧ್ಯಪ್ರದೇಶದ ಕಲ್ಯಾಣ್‌ಪುರ. ನಮ್ಮ ಫೋನಿನ ಜಿಪಿಎಸ್ ಡಬ್ಲ್ಯೂಜಿಎಸ್ 84 ಅನ್ನುವ ಇನ್ನೊಂದು ಅಂದಾಜಿನ ಲೆಕ್ಕದ್ದು. ಒಂದೇ ಅಂಕಿ, ಎರಡು ಜಾಗ. ನಾನು ಮೊದಲನೆಯದನ್ನು ಎರಡನೆಯದು ಅಂತ ತುಂಬಿದ್ದೆ.

ಬಿಂದುಗಳನ್ನು ಮುಟ್ಟಲಿಲ್ಲ. ನಿರ್ದೇಶಾಂಕ ವ್ಯವಸ್ಥೆಯನ್ನು ಕಲ್ಯಾಣ್‌ಪುರ 1975 (ಕ್ಯೂಜಿಐಎಸ್ ಪಟ್ಟಿಯಲ್ಲಿ ಸಂಕೇತ 4146) ಅಂತ ಬದಲಿಸಿ, ಬಂದದ್ದನ್ನು ಡಬ್ಲ್ಯೂಜಿಎಸ್ 84ಕ್ಕೆ ಪರಿವರ್ತಿಸಿದೆ. ಏರಿ ಏರಿಯ ಮೇಲೆ ಬಂದು ಕೂತಿತು. ಮಡಿಕೆ ಇದ್ದ ಕಡೆ ಈಗಲೂ ಒಂದಿಷ್ಟು ಎಳೆತ ಉಳಿದಿದೆ, ಅದು ಕಾಗದದ್ದು. ಅದನ್ನು ಸರಿಪಡಿಸಲು ಹೋಗಿ ಇಡೀ ಹಾಳೆಯನ್ನು ರಬ್ಬರಿನಂತೆ ಎಳೆಯುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ.

ಈಗ ಯಾವ ಹಾಳೆ ಬಂದರೂ ಅಂಕಿ ನೋಡುವ ಮೊದಲು ಏರಿ ನೋಡುತ್ತೇನೆ. ರಸ್ತೆ ಅಗಲವಾಗುತ್ತದೆ, ಕೆರೆಯ ನೀರಿನಂಚು ಮಳೆಯಂತೆ ಹಿಗ್ಗಿ ಕುಗ್ಗುತ್ತದೆ, ಕಲ್ಲು ಕಟ್ಟಿದ ಏರಿ ಮಾತ್ರ ಸುಲಭಕ್ಕೆ ಕದಲುವುದಿಲ್ಲ. ಇನ್ನೊಂದು ತಾಪತ್ರಯ: 78 ಡಿಗ್ರಿ ರೇಖಾಂಶ ಕೋಲಾರ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ. ಭೂಮಿಯನ್ನು ಆರಾರು ಡಿಗ್ರಿಯ ಪಟ್ಟಿಗಳಾಗಿ ಸೀಳಿ ಮೀಟರಿನಲ್ಲಿ ಅಳೆಯುವ ಯುಟಿಎಂ ಲೆಕ್ಕದಲ್ಲಿ ಮಾಲೂರು ವಲಯ 43ರಲ್ಲಿ, ಕೋಲಾರ 44ರಲ್ಲಿ. ವಿಸ್ತೀರ್ಣದ ಲೆಕ್ಕಕ್ಕೆ ಎಲ್ಲವನ್ನೂ 44ಕ್ಕೆ ಹಾಕಿದೆ. ಈ ಕೆಲಸಕ್ಕೆ ಅಷ್ಟು ಸಾಕು.

ಹಳೆಯದನ್ನೂ ಹೊಸದನ್ನೂ ಬೆರಳಿನಲ್ಲಿ ಸರಿಸಿ ನೋಡುವಂತೆ ಮಾಡಿ ಕೊಟ್ಟೆ. ಹುಡುಗ ಫೋನಿನಲ್ಲಿ ಅವರಜ್ಜಿಗೆ ತೋರಿಸಿದನಂತೆ. ಅಜ್ಜಿ ಏರಿಯನ್ನು ಗುರುತಿಸಿ, “ಕೋಡಿ ಅಲ್ಲಲ್ಲ ಕಣೋ, ಈ ಕಡೆ. ಏರಿ ಒಡೆದ ವರ್ಷ ಬದಲಾಯಿಸಿದ್ರು” ಅಂದರಂತೆ. ಆ ಮಾತನ್ನು ರೆಕಾರ್ಡ್ ಮಾಡಿ ತಂದ, ನಕ್ಷೆಯ ಆ ಬಿಂದುವಿಗೇ ಅಂಟಿಸಿದ್ದೇವೆ. ಅಜ್ಜಿ ತೋರಿಸಿದ ಕಡೆ ಉಪಗ್ರಹದ ಚಿತ್ರದಲ್ಲಿ ಕಾಣುವುದು ಬರೀ ಜಾಲಿ ಪೊದೆ. ಭಾನುವಾರ ಹೋಗಿ ನೋಡೋಣ ಅಂದಿದ್ದಾನೆ.